ಖಾಲಿ ಜಾಗ ಅಲ್ಲ ಸರ್

ಬೈರಿದೇವರಕೊಪ್ಪದಲ್ಲಿ ನಾನು ದಿನಾ ಹತ್ತೋದು ಚಿಗರಿ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಇಟ್ಟ ಹೆಸರದು. ಚಿಗರಿ ಅಂದ್ರೆ ಕೃಷ್ಣಮೃಗ ಅಂತ ನಮ್ಮ ಟೀಮಿನ ಅರ್ಧ ಜನಕ್ಕೆ ಗೊತ್ತಿಲ್ಲ.

ನಿಜವಾದ ಚಿಗರಿ ಹಿಂಡು ನೋಡಬೇಕಂದ್ರೆ ರಾಣೇಬೆನ್ನೂರಿಗೆ ಹೋಗಬೇಕು. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ಅಭಯಾರಣ್ಯ ಅಲ್ಲಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಚಿಗರಿಯೂ ಇದೆ. ಅದೇ ಪಟ್ಟಿಯಲ್ಲಿರುವ ಎರೆಭೂತವೂ ಒಂದು ಕಾಲಕ್ಕೆ ಅಲ್ಲಿತ್ತು. ಮೂರಡಿ ಎತ್ತರದ ಹಕ್ಕಿ; ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಆ ಹುಲ್ಲು ಬಯಲಿನ ಬಹುಭಾಗಕ್ಕೆ ನೀಲಗಿರಿ ನೆಟ್ಟರು. ಚಿಗರಿ ಹೆಂಗೋ ಹೊಂದಿಕೊಂಡಿತು. ದೂರದವರೆಗೆ ಬಯಲೇ ಕಾಣಬೇಕಾದ ಎರೆಭೂತ ಅಲ್ಲಿಂದ ಕಾಣೆಯಾಯಿತು. ಕಾಯ್ದೆ ಹಕ್ಕಿಯನ್ನು ಉಳಿಸಲು ಹೊರಟಿತ್ತು, ಹುಲ್ಲನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಇದೆಲ್ಲ ಈಗ ಯಾಕಂದ್ರೆ, ಬರೋ ಮಳೆಗಾಲಕ್ಕೆ ನಮ್ಮೂರ ಗಾಯರಾಣದಲ್ಲಿ ಸಾವಿರ ಸಸಿ ನೆಡಬೇಕು ಅಂತ ಆಫೀಸಿನಲ್ಲಿ ಮಾತು ನಡೆದಿದೆ.

"ಖಾಲೀನ ಬಿದ್ದೈತೆಲ್ಲೋ?" ಅಂದ್ರು ಮ್ಯಾನೇಜರ್.

"ಖಾಲಿ ಅಲ್ಲ ಸರ್. ಅಪ್ಪನ ಕುರಿ ಅಲ್ಲೇ ಮೇಯ್ತಾವು. ಕುರಿ ಹಿಂದ ತೋಳ ಬರ್ತಾವು. ಹುಲ್ಲಿನ್ಯಾಗ ಮೊಲ, ಪುರ್ಲಿ ಅದಾವು."

ಸಸಿ ಬೇಡ ಅಂತಲ್ಲ. ಶಾಲೆ ಅಂಗಳ ಐತಿ, ರಸ್ತೆ ಬದಿ ಐತಿ, ಅಲ್ಲಿ ನೆಡೋಣ. ಗಾಯರಾಣಕ್ಕೆ ಪಂಚಾಯ್ತಿ ಒಪ್ಪಿಗೆ ಇನ್ನೂ ಆಗಿಲ್ಲ. ಸಭೆಗೆ ಕುರಿಯವರನ್ನೆಲ್ಲ ಕರ್ಕೊಂಡು ಹೋಗು ಅಂತ ಅಪ್ಪಗ ಹೇಳೀನಿ. ರಜೆ ಹಾಕಿ ನಾನೂ ಹೊಂಟೀನಿ.