ನಮ್ಮ ಹುಡುಗಿ ಕಲಿಯೂ ಕರೆಂಟಿನ ಲೆಕ್ಕ

ಮದುವಿ ಇರ್ಲಿ, ಮುಂಜವಿ ಇರ್ಲಿ, ನಮ್ಮ ಬಳಗದಾಗ ನಾಕು ಮಂದಿ ಹೆಣ್ಮಕ್ಕಳು ಕೂಡಿದ್ರ ನನ್ನ ತಂಗಿ ಮಗಳ ಸುದ್ದಿ ಬಂದ ಬರ್ತದ. "ಇಪ್ಪತ್ತೊಂಬತ್ತು ಆತಲ್ಲ, ಇನ್ನೂ ಓದು ಮುಗಿವಲ್ದೇನು? ಅದೇನು ಓದ್ತಾಳರೀ ಅಕಿ?" ಅಂತ. ತಂಗಿ "ಎಲೆಕ್ಟ್ರಿಕಲ್, ಎಐ, ಪಿಎಚ್‌ಡಿ" ಅಂದು ಸುಮ್ಮನಾಗ್ತಾಳ. ಅದಕ್ಕ ನನಗ ತಿಳಿದಷ್ಟು ಇಲ್ಲೆ ಬರೀತೀನಿ. ನಾನು ಪಿಯುಸಿ ತನಕ ಓದಿದಾಕಿ. ನನಗ ತಿಳದದ ಅಂದ್ರ ನಿಮಗೂ ತಿಳೀತದ.

ಕರೆಂಟು ನೀರಿನ ಹಂಗ ಟಾಕಿ ತುಂಬಿ ಇಡೂ ವಸ್ತು ಅಲ್ಲ. ಬ್ಯಾಟರಿ ಅವ, ಆದ್ರ ಇಡೀ ನಾಡಿಗೆ ಸಾಲೂದಿಲ್ಲ. ನಾವು ಬಟನ್ ಒತ್ತಿದ ಗಳಿಗ್ಗೇ ಅದು ಎಲ್ಲೋ ತಯಾರಾಗಬೇಕು. ಬಳಕಿ ಹೆಚ್ಚಾದ್ರ ಲೈನಿನ ಫ್ರೀಕ್ವೆನ್ಸಿ 50 ಹರ್ಟ್ಸ್‌ಗಿಂತ ಕೆಳಗ ಇಳೀತದ, ಕಡಿಮಿ ಆದ್ರ ಮ್ಯಾಲೆ ಏರ್ತದ. ಭಾಳ ತಪ್ಪಿದ್ರ ಊರಿಗೂರ ಕತ್ತಲಿ. ಅದಕ್ಕ ದಿನಾನ ಹದಿನೈದು ನಿಮಿಷದ 96 ತುಣುಕು ಮಾಡಿ, ಯಾವ ತುಣುಕಿಗೆ ಎಷ್ಟು ಬೇಕು ಅಂತ ಮುಂಚೇನ ಅಂದಾಜು ಹಾಕ್ತಾರ. ಐವತ್ತು ಮಂದಿ ಊಟಕ್ಕ ಎಷ್ಟು ಅಕ್ಕಿ ಅಂತ ನಾವು ಹಾಕ್ತೀವಲ್ಲ, ಹಂಗ. ಆ ಅಂದಾಜು ಕಂಪ್ಯೂಟರಿಗೆ ಕಲಿಸೂದು ನಮ್ಮ ಹುಡುಗಿ ಕೆಲಸ. ಹಿಂದಿನ ವರ್ಷಗಳ ಬಳಕಿ, ಬಿಸಲು, ಮಳಿ, ರಜಾ ಎಲ್ಲಾ ಅದಕ್ಕ ಕೊಟ್ಟು, ಎಲ್ಲೆ ತಪ್ತು ಅಂತ ತೋರಿಸಿ ತೋರಿಸಿ ತಿದ್ದತಾಳ.

ಒಂದಿನ ಫೋನ್ ಮಾಡಿ, "ದೊಡ್ಡವ್ವ, ನರಕ ಚತುರ್ದಶಿ ದಿನಾ ಎಷ್ಟೊತ್ತಿಗೆ ಗೀಜರ್ ಹಚ್ತೀರಿ?" ಅಂದ್ಲು. ನಸಿಕಿನ್ಯಾಗ ನಾಕೂವರಿಗೆ ಅಂದೆ. ಹಬ್ಬ ತಿಥಿ ಪ್ರಕಾರ ಬರ್ತದ, ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬ್ಯಾರೆ. ತಾರೀಖು ಅಷ್ಟ ಕಲಿತ ಮಷೀನು ಎಡವತದ, ಪಂಚಾಂಗಾನೂ ಕಲಿಸಬೇಕಂತ! ನಮ್ಮ ಗೀಜರು, ಮಿಕ್ಸಿ, ನೀರಿನ ಪಂಪು ಅಕಿ ಗ್ರಾಫಿನಾಗ ಮುಂಜಾನಿ ಗುಡ್ಡ ಆಗಿ ಕಾಣ್ತಾವ. ಯಾರೂ ಲೆಕ್ಕಕ್ಕ ಹಿಡೀದ ನಮ್ಮ ಕೆಲಸ ಅಲ್ಲೆ ಲೆಕ್ಕಕ್ಕ ಬಂದದ.

2020ರ ಏಪ್ರಿಲ್ 5, ರಾತ್ರಿ 9ಕ್ಕ 9 ನಿಮಿಷ ಲೈಟ್ ಆರಿಸಿ ದೀಪಾ ಹಚ್ಚಿದ್ವಿ, ನೆನಪದನೋ? ದೇಶದಾಗ 12ರಿಂದ 14 ಸಾವಿರ ಮೆಗಾವ್ಯಾಟ್ ಬಳಕಿ ಇಳೀಬಹುದು ಅಂತ ಅಂದಾಜಿತ್ತು. ಇಳಿದಿದ್ದು 31 ಸಾವಿರದಷ್ಟು. ನೀರಿನಿಂದ ಕರೆಂಟು ಮಾಡೂ ಸ್ಟೇಶನ್‌ಗಳನ್ನ ಲಗೂ ಲಗೂ ಇಳಿಸಿ, ಮತ್ತ ಏರಿಸಿ ಸಂಭಾಳಿಸಿದ್ರು. ನಾವು ದೀಪದ ಮುಂದ ಕೈ ಮುಗದು ನಿಂತಾಗ ಕಂಟ್ರೋಲ್ ರೂಮಿನಾಗ ಕೂತವರು ಉಸಿರು ಬಿಗಿ ಹಿಡಿದಿರಬೇಕು. ಈಗಂತೂ ಬಿಸಲಿನ ಕರೆಂಟು ಬ್ಯಾರೆ. ನಮ್ಮ ಪಾವಗಡದ್ದೇ 2050 ಮೆಗಾವ್ಯಾಟಿಂದು. ಮೋಡ ಬಂದ್ರ ಕಡಿಮಿ, ಹೊತ್ತು ಮುಳಗಿದ್ರ ಇಲ್ಲ. ನಾವು ಲೈಟ್ ಹಚ್ಚೂದೂ ಅದ ಹೊತ್ತಿಗೆ.

ಇನ್ನ ರೊಕ್ಕದ ಮಾತು. ಅಪ್ಪನ ಗಂಟು ಕರಗಸ್ಲಿಕ್ಹತ್ಯಾಳ ಅನ್ನವರು ಕೇಳ್ರಿ. ಅಕಿಗೆ ಸರ್ಕಾರದ ಫೆಲೋಶಿಪ್ ಬರ್ತದ. ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ, ಆಮ್ಯಾಲೆ 42 ಸಾವಿರ. ತಾನು ಕಂಡುಕೊಂಡದ್ದನ್ನ ಬರದು ಕಳಸ್ತಾಳ, ಗುರ್ತಿಲ್ಲದ ತಜ್ಞರು ಓದಿ ತಪ್ಪು ತಗೀತಾರ, ತಿದ್ದಿ ಮತ್ತ ಕಳಸ್ತಾಳ. ಒಂದು ಬರಹಕ್ಕ ವರ್ಷ ಹಿಡದದ್ದೂ ಅದ.

ಈಗ ಒಂದು ಛಲೋ ಮನಿತನದವರು ಕೇಳ್ಯಾರ. ಕಂಪನಿ ಸೇರಿದ್ರ ಮುಂದಿನ ಮಾತು ಅಂದಾರ. ಅಕಿಗೆ ಕಾಲೇಜಿನಾಗ ಕಲಿಸಬೇಕು, ಈ ಕೆಲಸಾನ ಮುಂದುವರಿಸಬೇಕು ಅಂತ ಆಶಾ. "ಅಕ್ಕಾ, ನೀ ಹೇಳಿದ್ರ ಕೇಳ್ತಾಳ, ಒಪ್ಪಿಸು" ಅಂತ ತಂಗಿ ಅತ್ಲು. ನಾನು ಒಪ್ಪಲಿಲ್ಲ. ಆರು ತಿಂಗಳು ತಡದ್ರ ಅಕಿ ಥೀಸಿಸ್ ಮುಗೀತದ. ತಡಿಲಿಕ್ಕಾಗದ ಮನಿತನ ಮುಂದ ಅಕಿ ಓದಿಗೆ ಜಾಗಾ ಕೊಡತದೇನು ಅಂತ ಕೇಳಿದೆ. ತಂಗಿ ಇನ್ನೂ ಸಿಟ್ಟಿನಾಗ ಇದ್ದಾಳ, ಇರ್ಲಿ.

ನಿಮಗೆಲ್ಲಾ ಒಂದ ಮಾತು. ಮುಂದಿನ ತಿಂಗಳ ಮದುವ್ಯಾಗ ಅಕಿ ಸಿಗ್ತಾಳ. "ಯಾವಾಗ ಮುಗೀತದ" ಅಂತ ಕೇಳಬ್ಯಾಡ್ರಿ. "ಎಲ್ಲಿಗೆ ಬಂತವಾ ನಿನ್ನ ಕೆಲಸ" ಅಂತ ಕೇಳ್ರಿ. ಛಂದಾಗಿ ಹೇಳ್ತಾಳ.