ಉದ್ದ ಕೊಳವೆ, ಗಿಡ್ಡ ಕೊಳವೆ

1980ರ ಫೆಬ್ರವರಿ 16, ಶನಿವಾರ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಚಂದ್ರನ ನೆರಳು ಹಾಯಿತು. ರೋಣದ ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಮಾಳಿಗೆ ಹತ್ತಿದ್ದ ಒಬ್ಬ ಹೈಸ್ಕೂಲು ಹುಡುಗ ಮಾತ್ರ ಕಪ್ಪಾದ ಸೂರ್ಯನ ಸುತ್ತ ಬೆಳ್ಳಿಯ ಪ್ರಭೆಯನ್ನೂ ಹಗಲಲ್ಲೇ ಬೆಳಗಿದ ಶುಕ್ರನನ್ನೂ ಕಂಡ.

ಮುಂದೆ ವಿಜ್ಞಾನದ ಮಾಸ್ತರರಾದ ಆತ ಕೊಂಡ ಮೊದಲ ದೂರದರ್ಶಕ ಉದ್ದನೆಯದು: ಆರು ಇಂಚಿನ ಕನ್ನಡಿ, 1200 ಮಿಲಿಮೀಟರ್ ಸಂಗಮದೂರ. ಕೈಯಿಂದ ಉಜ್ಜಿ ಕನ್ನಡಿ ಮಾಡುವವರಿಗೆ ಆ ಅಳತೆಯೇ ಅಚ್ಚುಮೆಚ್ಚು. ಕುಳಿ ಆಳವಿಲ್ಲದ್ದರಿಂದ ಚೂರು ತಪ್ಪಿದರೂ ಬಿಂಬ ಕೆಡುವುದಿಲ್ಲ. ನಾಲ್ಕು ಅಡಿಯ ಆ ಕೊಳವೆ ಟಂಟಂ ಏರಿ ನರಗುಂದಕ್ಕೂ ಹೋಯಿತು, ಗಜೇಂದ್ರಗಡಕ್ಕೂ ಹೋಯಿತು.

“ಸರ, ಶನಿ ಮಾರಿ ನಾವಾಗೇ ನೋಡಿದ್ರ ಕಾಡತೈತೇನ್ರಿ?” ಎಂದು ಹಿಂಜರಿದ ಅಜ್ಜಿಯೊಬ್ಬರು ಬಳೆಯನ್ನು ನೋಡಿದ ಮೇಲೆ ಐಪೀಸ್ ಬಿಟ್ಟು ಸರಿಯಲೇ ಇಲ್ಲ. ಅಷ್ಟರಲ್ಲಿ ಶನಿಯೇ ಸರಿದಿತ್ತು. 10 ಮಿಲಿಮೀಟರ್ ಐಪೀಸ್ ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಭೂಮಿ ತಿರುಗುವುದರಿಂದ ಗ್ರಹ ಎರಡು ನಿಮಿಷದೊಳಗೆ ಅಂಚು ದಾಟುತ್ತದೆ. ಸಾಲಿನಲ್ಲಿ ನಿಂತ ಮಕ್ಕಳಿಗಾಗಿ ಮಾಸ್ತರರು ರಾತ್ರಿಯಿಡೀ ಕೊಳವೆ ಹೊರಳಿಸುತ್ತಲೇ ಇರಬೇಕು.

1997ರಲ್ಲಿ ಹೇಲ್-ಬಾಪ್ ಧೂಮಕೇತು ಬಂದಾಗ ಉದ್ದ ಕೊಳವೆ ಸೋತಿತು. ತಲೆಯಷ್ಟೇ ಒಳಗೆ ಸಿಕ್ಕಿತು. ಬಾಲವನ್ನು ಬರಿಗಣ್ಣಲ್ಲೇ ನೋಡಬೇಕಾಯಿತು. ಆ ಕೊರಗು ವರ್ಷಗಳ ನಂತರ ಗಿಡ್ಡದೊಂದನ್ನು ಮನೆಗೆ ತಂದಿತು: 80 ಮಿಲಿಮೀಟರ್ ಮಸೂರ, 400 ಮಿಲಿಮೀಟರ್ ಸಂಗಮದೂರ. ಹೆಗಲಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ಹೊರಟರೆ ಸಾಕು. ಉದ್ದ ಕೊಳವೆಯಲ್ಲಿ ತುಂಡಾಗಿ ಕಾಣುತ್ತಿದ್ದ ಕೃತ್ತಿಕೆ ಇದರಲ್ಲಿ ಇಡಿಯಾಗಿ, ಎರೆಹೊಲದಲ್ಲಿ ಚೆಲ್ಲಿದ ಜೋಳದಂತೆ ಕಂಡಿತು. ಚಂದ್ರನ ಅಂಚಿಗೆ ಮಾತ್ರ ನೇರಳೆ ಗೆರೆ. ಗಿಡ್ಡ ಮಸೂರಕ್ಕೆ ಅಂಟಿದ ದೋಷವದು.

ಶಾಲೆಯವರು ಕೇಳಿದರೆ ಮಾಸ್ತರರು ಇಂದಿಗೂ ಉದ್ದನೆಯದನ್ನೇ ಹೇಳುತ್ತಾರೆ. ಮಗುವಿನ ಮನಸ್ಸಿಗೆ ಮೊದಲು ನಾಟುವುದು ಶನಿಯ ಬಳೆ, ಚಂದ್ರನ ಕುಳಿ. ಈ ಮಾತು ಸರಿಯೆಂದೇ ಲೇಖಕನಿಗೂ ಅನಿಸುತ್ತದೆ.

ಈಗ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತವೆ. 2020ರ ಡಿಸೆಂಬರ್ 21ರ ಸಂಜೆ ಅವುಗಳಾಚೆ, ಪಡುವಣ ದಿಕ್ಕಿನಲ್ಲಿ, ಗುರು–ಶನಿ ಒಂದಕ್ಕೊಂದು ಒಂದು ಡಿಗ್ರಿಯ ಹತ್ತನೇ ಒಂದರಷ್ಟು ಹತ್ತಿರ ಬಂದವು. ಹಳೆಯ ಉದ್ದ ಕೊಳವೆ ಮತ್ತೆ ಹೊರಬಂತು. ಗುರುವಿನ ಚಂದ್ರಗಳೂ ಶನಿಯ ಬಳೆಯೂ ಒಂದೇ ನೋಟದಲ್ಲಿ ಸಿಕ್ಕವು. ಮಾಸ್ಕ್ ತೊಟ್ಟ ಹುಡುಗಿಯೊಬ್ಬಳು ಐಪೀಸಿಗೆ ಕಣ್ಣು ಕೊಟ್ಟು, “ಸರ, ಎರಡೂ ಅದಾವ್ರಿ!” ಎಂದು ಕೂಗಿದಳು.