ಲಿಂಕ್ ಇದೆ, ಫೋಟೊ?

ಈಗಷ್ಟೇ ಫ್ಯಾಮಿಲಿ ಗ್ರೂಪಿಗೆ ಚಿಕ್ಕಮ್ಮನ ಮಗಳ ಮದುವೆ ಫೋಟೊಗಳ ಡ್ರೈವ್ ಲಿಂಕ್ ಬಂತು. ನೋಡ್ತಾ ನೋಡ್ತಾ ಎಲ್ಲರೂ ಅದಕ್ಕೊಂದು ಸ್ಟಾರ್ ಒತ್ತಿ ನಿರಾಳ. "ಇರ್ಲಿ ಬಿಡ್ರೋ, ಲಿಂಕ್ ಇದೆಯಲ್ಲ, ಯಾವಾಗ ಬೇಕಾದ್ರೂ ನೋಡ್ಬಹುದು" ಅಂತ ದೊಡ್ಡಪ್ಪನ ವಾಯ್ಸ್ ಮೆಸೇಜು ಬೇರೆ.

ಅಲ್ಲ, ಲಿಂಕ್ ಇದ್ದರೆ ಫೋಟೊ ನಮ್ಮ ಹತ್ರ ಇದ್ದ ಹಾಗಾ? ಅದು ಪಕ್ಕದ ಮನೆಯವರ ಬೀರುವಿನ ಕೀ ಅಷ್ಟೆ. ಫೈಲ್ ಇರೋದು ಫೋಟೊಗ್ರಾಫರ್ ಖಾತೆಯಲ್ಲಿ, ಜಾಗ ತಿನ್ನೋದೂ ಅವರದ್ದೇ. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಿಡೀಬೇಕು. ದುಡ್ಡು ಕಟ್ಟಿ ಜಾಸ್ತಿ ಜಾಗ ತಗೊಂಡಿದ್ರೂ ಮುಂದಿನ ಸೀಸನ್ ಮದುವೆಗಳು ಬಂದಾಗ ಹಳೇದನ್ನ ಅಳಿಸದೆ ಅವರಾದ್ರೂ ಏನ್ ಮಾಡ್ತಾರೆ, ಪಾಪ? ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಇರತ್ತೆ, ಆಮೇಲೆ ಗೋವಿಂದ. "ನಾನು ನನ್ನ ಡ್ರೈವ್‌ಗೆ ಶಾರ್ಟ್‌ಕಟ್ ಹಾಕ್ಕೊಂಡಿದೀನಿ" ಅನ್ನೋ ಬುದ್ಧಿವಂತರಿಗೂ ಅದೇ ಗತಿ. ಮೂಲ ಹೋದ್ರೆ ಶಾರ್ಟ್‌ಕಟ್ ಇಟ್ಕೊಂಡು ಏನು ಪ್ರಯೋಜನ?

(ವಾಟ್ಸಾಪ್‌ನಲ್ಲಿ ಕಳಿಸಿ ಅಂತೀರಾ? ಸುಮ್ಮನೆ ಫೋಟೊ ಅಂತ ಕಳಿಸಿದ್ರೆ ಅದು ಕುಗ್ಗಿಸಿಬಿಡತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಮಾತ್ರ ಇದ್ದಹಾಗೇ ಬರತ್ತೆ.)

ನಿಮ್ಮನೆ ಮದುವೆ, ನಾಮಕರಣ, ಗೃಹಪ್ರವೇಶದ ಹಳೇ ಲಿಂಕುಗಳು ಇನ್ನೂ ತೆರೀತಾವಾ? ಒಮ್ಮೆ ಒತ್ತಿ ನೋಡಿ ಇಲ್ಲೇ ಹೇಳಿ. ತೆರೆದ್ರೆ ನಾಳೆ ಅನ್ನಬೇಡಿ, ಇವತ್ತೇ ಡೌನ್‌ಲೋಡ್ ಮಾಡಿ ಹಾರ್ಡ್‌ಡಿಸ್ಕಿಗೆ ಹಾಕ್ಕೊಳ್ಳಿ.